ರಾಗಿಯ ಮೊಳಕೆಯೂ ಇಂದಿರಾನಗರದ ಪಾನಗೃಹವೂ

ಮುಂಬಯಿಯ ನೌಕರಿಯಿಂದ ನಿವೃತ್ತನಾದ ಕನ್ನಡಿಗನು ಮೊದಲು ಮಾಡುವ ಕೆಲಸ ಊರಿಗೆ ಹೋಗಿಬರುವುದು. ಎರಡನೆಯದು, ಇನ್ನು ಮುಂದೆ ಊರಿನಲ್ಲಿಯೇ ನಿಲ್ಲುವುದೋ ಡೊಂಬಿವಲಿಗೇ ಮರಳುವುದೋ ಎಂದು ವರ್ಷಗಟ್ಟಲೆ ಚರ್ಚಿಸುವುದು. ಈ ಚರ್ಚೆಯನ್ನು ದಾರಿಯಲ್ಲಿಯೇ ಮುಗಿಸಬಹುದೆಂಬ ಆಸೆಯಿಂದ ಕಳೆದ ಕಾರ್ತಿಕದಲ್ಲಿ ನಾವು ಸಪತ್ನೀಕರಾಗಿ ನಮ್ಮ ಸಣ್ಣ ಮೋಟಾರಿನಲ್ಲಿ ಹೊರಟೆವು. ಮುಂಬಯಿಯಿಂದ ಬೆಂಗಳೂರಿಗೆ ಸಾವಿರ ಕಿಲೋಮೀಟರಿಗೆ ತುಸು ಕಡಿಮೆಯ ಹಾದಿ. ರಾತ್ರಿಯ ಬಸ್ಸು ಇದನ್ನು ಒಂದು ನಿದ್ದೆಯಲ್ಲಿ ಮುಗಿಸುತ್ತದೆ. ನಾವು ಒಂಬತ್ತು ದಿನ ತೆಗೆದುಕೊಂಡೆವು. ಕಚೇರಿಯಿದ್ದಾಗ ರಜೆಯ ದಿನಗಳನ್ನು ಎಣಿಸಿ ಓಡಾಡಿದವರಿಗೆ, ಯಾರೂ ಹಾಜರಿ ಕೇಳದ ಪ್ರಯಾಣದ ಸುಖವೇ ಬೇರೆ.

ಈ ಪ್ರವಾಸದ ವೃತ್ತಾಂತವನ್ನೆಲ್ಲ ಬರೆದು ಓದುಗರ ತಾಳ್ಮೆಯನ್ನು ಪರೀಕ್ಷಿಸುವ ಉದ್ದೇಶ ನಮಗಿಲ್ಲ. ಧಾರವಾಡದ ಫೇಡೆ, ದಾವಣಗೆರೆಯ ಬೆಣ್ಣೆದೋಸೆ, ಚಿತ್ರದುರ್ಗದ ಕೋಟೆ ಇವುಗಳ ವಿಷಯವನ್ನು ನಮಗಿಂತ ಬಲ್ಲವರು ಬರೆದಿದ್ದಾರೆ. ನಾವು ಹೇಳಹೊರಟಿರುವುದು ಬೆಂಗಳೂರಿನ ಇಂದಿರಾನಗರದಲ್ಲಿ ಕಳೆದ ಒಂದು ಸಂಜೆಯ ಸಂಗತಿಯನ್ನು. ಸ್ಥಳವು ಬಿಯರನ್ನು ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ಒಂದು ಪಾನಗೃಹ. ಈಗಿನವರು ಇದನ್ನು ಬ್ರೂಪಬ್ ಎನ್ನುತ್ತಾರೆ.

ಅರುವತ್ತು ದಾಟಿದ ದಂಪತಿಗಳಿಗೆ ಇಂಥಲ್ಲಿ ಏನು ಕೆಲಸವೆಂದು ಕೇಳುವವರಿದ್ದಾರೆ. ನಮ್ಮನ್ನು ಕರೆದೊಯ್ದವನು ನಮ್ಮ ಶ್ರೀಮತಿಯವರ ಅಣ್ಣನ ಮಗ. ಬೆಂಗಳೂರಿನಲ್ಲಿ ಎಂಜಿನಿಯರನಾಗಿರುವ ಮೂವತ್ತರ ಹುಡುಗ. ಅತ್ತೆಯವರಿಗೆ ತನ್ನ ಬೆಂಗಳೂರನ್ನು ತೋರಿಸಬೇಕೆಂದು ಅವನ ಆಸೆ. ಆದರೆ ಅವನ ತಂದೆ ಪ್ಯಾಕೆಟ್ಟಿನ ಸಾರಾಯಿಗೆ ತುತ್ತಾಗಿ ನಾಲ್ವತ್ತೆರಡನೆಯ ವಯಸ್ಸಿಗೆ ತೀರಿಕೊಂಡವರು. ತುಮಕೂರು ಜಿಲ್ಲೆಯ ಆ ಒಕ್ಕಲು ಮನೆಯಲ್ಲಿ ಅಂದಿನಿಂದ ಮದ್ಯದ ಹೆಸರನ್ನು ಗಟ್ಟಿಯಾಗಿ ಎತ್ತಿದವರಿಲ್ಲ. ಶ್ರೀಮತಿಯವರು ಬರಲಾರೆನೆನ್ನುವರೆಂದೇ ನಾವು ಎಣಿಸಿದ್ದೆವು. ಅವರು ಒಂದು ಗಳಿಗೆ ಹುಡುಗನ ಮುಖ ನೋಡಿ, “ನಡೆ, ನೋಡೋಣ” ಎಂದರು. ಮೋಟಾರನ್ನು ಇಳಿದುಕೊಂಡಿದ್ದ ಮನೆಯಲ್ಲಿಯೇ ಬಿಟ್ಟು ಮೆಟ್ರೊ ರೈಲಿನಲ್ಲಿ ಹೋದೆವು. ಪಾನಗೃಹಕ್ಕೆ ವಾಹನ ನಡೆಸಿಕೊಂಡು ಹೋಗಬಾರದೆಂಬ ನಿಯಮವನ್ನು ಆ ಹುಡುಗನೇ ವಿಧಿಸಿದ್ದು ನಮಗೆ ಹಿಡಿಸಿತು.

ಮುಂಬಯಿಯವರಾದ ನಮಗೆ ಇನ್ನೊಂದು ಅಳುಕೂ ಇತ್ತು. 1949ರ ಮುಂಬಯಿ ಮದ್ಯನಿಷೇಧ ಕಾನೂನಿನ ನೆರಳಿನಲ್ಲಿ ಬೆಳೆದವರು ನಾವು. ಕುಡಿಯುವವನು ಪರವಾನೆ ಪಡೆದಿರಬೇಕೆಂಬ ವಿಧಿ ಮಹಾರಾಷ್ಟ್ರದಲ್ಲಿ ಇಂದಿಗೂ ಅಳಿದಿಲ್ಲ. ಪಾಲಿಸುವವರೆಷ್ಟು ಎಂಬುದು ಬೇರೆ ಮಾತು. ಆದರೂ ಭಾರತದ ಮೊತ್ತಮೊದಲಿನ ಬ್ರೂಪಬ್ಬುಗಳಲ್ಲೊಂದು 2009ರಲ್ಲಿ ತೆರೆದದ್ದು ನಮ್ಮ ಪುಣೆಯಲ್ಲಿಯೇ. ಅದರ ಹೆಸರು ಡೂಲಾಲಿ. ನಾಸಿಕದ ಬಳಿಯ ದೇವಳಾಲಿಯ ದಂಡುಪ್ರದೇಶದಲ್ಲಿ ಸ್ವದೇಶದ ಹಡಗಿಗಾಗಿ ತಿಂಗಳುಗಟ್ಟಲೆ ಕಾದು ಬುದ್ಧಿಭ್ರಮೆಗೊಂಡ ಗೋರಾ ಸಿಪಾಯಿಗಳಿಂದ ಹುಟ್ಟಿದ ಆಂಗ್ಲ ಶಬ್ದವದು. ಮುಂದಿನ ವರ್ಷ, 2010ರಲ್ಲಿ, ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಟಾಯ್ಟ್ ಎಂಬುದು ಬಂದಿತು. ಅಲ್ಲಿಂದೀಚೆಗೆ ಬೆಂಗಳೂರಿನಲ್ಲಿ ಇಂಥ ಗೃಹಗಳು ಓಣಿಗೊಂದರಂತೆ ಎದ್ದಿವೆ.

ಬೆಂಗಳೂರಿಗೆ ಬಿಯರು ಹೊಸತೇನೂ ಅಲ್ಲ. 1809ರಲ್ಲಿ ದಂಡು ನೆಲೆಗೊಂಡಂದಿನಿಂದ ಗೋರಾ ಸಿಪಾಯಿಗಳ ದಾಹವನ್ನು ತಣಿಸುವುದೊಂದು ಉದ್ಯಮವೇ ಆಯಿತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬಿಯರು ಕಾರಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದನು. ಅದರ ಆಡಳಿತ ಮಂಡಳಿಗೆ 1947ರಲ್ಲಿ ಬಂದ ಮೊದಲ ಭಾರತೀಯರು ಬಂಟ್ವಾಳ ಮೂಲದ ವಿಠ್ಠಲ ಮಲ್ಯರು. ಅಂದು ಆ ಕಾರಖಾನೆಯಿದ್ದ ನೆಲದಲ್ಲಿ ಇಂದು ಗಾಜಿನ ಗೋಪುರಗಳು ನಿಂತಿವೆ. ರಸ್ತೆಗೆ ಮಲ್ಯರ ಹೆಸರೇ ಇದೆ. ಇನ್ನು ಹಿಂದಕ್ಕೆ ಹೋಗುವುದಾದರೆ, ನಮ್ಮ ಚಂಪೂಕವಿಗಳ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನೂ ಅದನ್ನು ಬಿಟ್ಟವನಲ್ಲ. ಆದುದರಿಂದ ಈ ವಿಷಯವನ್ನು ಪಾಶ್ಚಾತ್ಯರ ತಲೆಗೆ ಕಟ್ಟಿ ನಾವು ಮಡಿವಂತರೆನ್ನಿಸಿಕೊಳ್ಳುವುದು ಸಲ್ಲದು.

ಒಳಗೆ ಕಾಲಿಟ್ಟಾಗ ಕಂಡದ್ದು ನಾವು ಊಹಿಸಿದ್ದ ಕತ್ತಲ ಕೋಣೆಯಲ್ಲ. ಎತ್ತರದ ಮಾಡು, ಉದ್ದನೆಯ ಮರದ ಮೇಜುಗಳು, ಮನೆಮಂದಿಯೊಡನೆ ಕುಳಿತ ಹೆಂಗಸರು. ಒಂದು ಪಕ್ಕದ ಗಾಜಿನ ಗೋಡೆಯ ಆಚೆಗೆ ಆಳೆತ್ತರವನ್ನು ಮೀರಿದ ಉಕ್ಕಿನ ಹಂಡೆಗಳು ಹೊಳೆಯುತ್ತಿದ್ದವು. ಗದ್ದಲ ಮಾತ್ರ ಹೆಚ್ಚು. ಸಂಗೀತವೆಂದು ಅವರು ಕರೆಯುವ ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸಬೇಕಾದರೆ ಕೂಗಬೇಕು. ಸಂತೆಯಲ್ಲಿ ಕುಳಿತು ಸಂಸಾರದ ಮಾತನಾಡಿದಂತಾಯಿತು.

ಹಂಡೆಗಳ ಉಸ್ತುವಾರಿಯ ತರುಣನು ನಮ್ಮ ನರೆಗೂದಲಿಗೆ ಮರ್ಯಾದೆ ಕೊಟ್ಟು ಒಳಗೆ ಕರೆದೊಯ್ದು ಎಲ್ಲವನ್ನೂ ವಿವರಿಸಿದನು. ಜನ ಸಾಮಾನ್ಯವಾಗಿ ಬಿಯರನ್ನೂ ಬಟ್ಟಿಯಿಳಿಸುವರೆಂದು ತಿಳಿಯುತ್ತಾರೆ. ಹಾಗಲ್ಲ. ಸಾರಾಯಿ, ಬ್ರಾಂದಿ, ವಿಸ್ಕಿಗಳು ಬಟ್ಟಿಯ ಸಂತಾನ. ಬಿಯರು ಹುದುಗಿದ ಧಾನ್ಯದ ರಸ ಮಾತ್ರ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಿಗೆ ಉಬ್ಬಿಬರುವುದಕ್ಕೆ ಅದು ದೂರದ ನಂಟು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಯಿಡುತ್ತಾರೆ. ಮೊಳಕೆಯೊಡನೆ ಹುಟ್ಟಿದ ಕಿಣ್ವಗಳು ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಿಹಿರಸವನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಆಯಿತು. ಉಳಿದದ್ದು ಕಾಯುವ ಕೆಲಸ. ಹೂವು ಕೊಡುವುದು ಕಹಿಯನ್ನು. ಕೆಡದಂತೆ ಕಾಯುವ ಗುಣವೂ ಅದಕ್ಕುಂಟು. 1516ರಲ್ಲಿ ಜರ್ಮನಿಯ ಬವೇರಿಯ ಪ್ರಾಂತದವರು ಬಾರ್ಲಿ, ಹಾಪ್ಸ್, ನೀರು ಇವಿಷ್ಟರ ಹೊರತು ಬೇರೇನನ್ನೂ ಬಿಯರಿಗೆ ಸೇರಿಸಕೂಡದೆಂದು ಶಾಸನವನ್ನೇ ಮಾಡಿದರು.

ಬೆಂಗಳೂರಿನವರು ಆ ಶಾಸನಕ್ಕೆ ಕಟ್ಟುಬಿದ್ದಿಲ್ಲ. ತರುಣನು ಒಂದು ಹಂಡೆಯ ಮೇಲೆ ಕೈಯಿಟ್ಟು, “ಇದರಲ್ಲಿ ಒಂದು ಪಾಲು ರಾಗಿ ಇದೆ” ಎಂದನು. ಶ್ರೀಮತಿಯವರ ಕಿವಿ ನಿಮಿರಿದ್ದು ಆಗಲೇ. ರಾಗಿಯನ್ನು ಹೇಗೆ ಹದಮಾಡುತ್ತೀರಿ ಎಂದು ಕೇಳಿದರು. ನೆನೆಸಿ ಮೊಳಕೆ ಬರಿಸುತ್ತೇವೆ ಎಂದನು. “ಬಟ್ಟೆಯಲ್ಲಿ ಕಟ್ಟಿಯೋ, ಹರವಿಯೋ? ಎಷ್ಟು ದಿನ? ಬೇರು ಉಜ್ಜಿ ತೆಗೆಯುತ್ತೀರೋ ಇಲ್ಲವೋ?” ಪ್ರಶ್ನೆಗಳ ಸುರಿಮಳೆಗೆ ತರುಣನು ತಬ್ಬಿಬ್ಬಾದನು. ಹಳೆಯ ಮೈಸೂರಿನ ಒಕ್ಕಲು ಮನೆಗಳಲ್ಲಿ ಹಾಲು ಬಿಡಿಸುವ ಕೂಸಿಗೆ ತಾಯಂದಿರು ಮಾಡುತ್ತ ಬಂದ ಮೊಳಕೆಯ ರಾಗಿಹಿಟ್ಟಿನ ಕ್ರಮವನ್ನೇ ಅವನು, ತನಗರಿವಿಲ್ಲದೆ, ಹೊಸ ವಿದ್ಯೆಯೆಂಬಂತೆ ಬಣ್ಣಿಸಿದ್ದನು. ಮೊಳೆತ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಶಕ್ತಿ ಇತರ ಅನೇಕ ಧಾನ್ಯಗಳಿಗಿಂತ ಹೆಚ್ಚು. ಕೂಸಿನ ಗಂಜಿ ನೀರಾಗಿ ಹಗುರಾಗುವುದೂ ಹಂಡೆಯ ರಸ ಸಿಹಿಯಾಗುವುದೂ ಅದರಿಂದಲೇ. ಕಾಳು ಸಣ್ಣದಾದುದರಿಂದಲೂ ಬಾರ್ಲಿಯ ಉಮಿಯಂತೆ ಸೋಸಲು ನೆರವಾಗುವ ಸಿಪ್ಪೆ ಇಲ್ಲದುದರಿಂದಲೂ ರಾಗಿಯೊಂದರಿಂದಲೇ ಕೆಲಸ ಸಾಗಿಸುವುದು ಕಷ್ಟ. ಅದಕ್ಕಾಗಿ ಬಾರ್ಲಿಯ ಜತೆ. ಸಿಕ್ಕಿಮು, ನೇಪಾಳಗಳ ಬೆಟ್ಟದ ಜನ ರಾಗಿಯನ್ನು ಹುದುಗಿಸಿ ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವ ತೊಂಬಾ ಎಂಬ ಪಾನೀಯ ಬಹುಕಾಲದ್ದು.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯೊಡನೆ ವಾದಿಸಿ ಆರು ತಿಂಗಳು ಸೆರೆಯಲ್ಲಿದ್ದು ಗೆದ್ದ ಧಾನ್ಯವಿದು. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟು ಬಯಲುಸೀಮೆಯ ಕಣಜ ತುಂಬಿಸಿದರು. ಇಷ್ಟಾದರೂ ನಗರದ ಊಟದ ಮನೆಗಳಲ್ಲಿ ಅದಕ್ಕೆ ಬಹುಕಾಲ ಬಾಗಿಲು ತೆರೆದಿರಲಿಲ್ಲ. ಈಗ ಗಾಜಿನ ಲೋಟದಲ್ಲಿ ಬಂದಿದೆ. 2024–25ರಲ್ಲಿ ಸರಕಾರವು ರಾಗಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಎಂದರೆ ಕಿಲೋಗೆ ಸುಮಾರು 43. ನಮ್ಮ ಮುಂದಿದ್ದ ಒಂದು ಲೋಟದ ಬೆಲೆಗೆ ರೈತನ ಏಳು ಕಿಲೋ ರಾಗಿ ಬರುತ್ತಿತ್ತು. ಲೋಟದೊಳಗೆ ಇದ್ದುದೋ ಒಂದು ಹಿಡಿ. ಮಿಕ್ಕುದೆಲ್ಲ ತೆರಿಗೆ, ಬಾಡಿಗೆ, ಕೂಲಿ, ಲಾಭ, ಮತ್ತು ಆ ಸಂಗೀತ.

ರುಚಿಯ ವಿಷಯ ಹೇಳುವುದಾದರೆ, ಹುರಿದ ಹಿಟ್ಟಿನ ಕಂಪು ಮೊದಲು, ಕಹಿ ಆಮೇಲೆ, ಕೊನೆಯಲ್ಲಿ ಸಣ್ಣಗೆ ಮಣ್ಣಿನ ವಾಸನೆ. ನಮಗೆ ಒಪ್ಪಿಗೆಯಾಯಿತು, ಅರ್ಧ ಲೋಟ ಸಾಕಾಯಿತು. ಶ್ರೀಮತಿಯವರು ಲೋಟವನ್ನು ಮೂಗಿನ ಬಳಿ ಹಿಡಿದು ಬಹಳ ಹೊತ್ತು ಮೂಸಿದರು. “ಅವ್ವನ ಅಡುಗೆಮನೆ” ಎಂದರು. ಕುಡಿಯದೆ ಕೆಳಗಿಟ್ಟರು.

ಅವರ ಕಣ್ಣೆಲ್ಲ ಅಳಿಯನ ಲೋಟದ ಮೇಲೆ. ಅವನಿಗೂ ಅದು ತಿಳಿದಿತ್ತು. ಸಾರಾಯಿ ಅಂಗಡಿಯನ್ನು 2007ರ ಜುಲೈ 1ರಿಂದ ಕರ್ನಾಟಕ ಸರಕಾರ ಮುಚ್ಚಿಸಿತು. ಅದಕ್ಕೂ ಮೊದಲು, 1992ರಲ್ಲಿ, ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಆಂಧ್ರದಲ್ಲಿ ಇಂಥದೇ ಹೋರಾಟಕ್ಕೆ ಕಿಡಿ ಹೊತ್ತಿಸಿದ್ದರು. ಸಾರಾಯಿ ನಿಂತದ್ದು ಒಳ್ಳೆಯದೇ. ಆದರೆ ಕುಡಿತ ನಿಂತಿತೆಂದು ಯಾರೂ ಹೇಳಲಾರರು. ಬಡವನು ಅಗ್ಗದ ವಿಸ್ಕಿಗೆ ಹೋದನು, ಉಳ್ಳವನು ಗಾಜಿನ ಗೋಡೆಯ ಪಕ್ಕಕ್ಕೆ ಬಂದನು. ಬಡವನ ಕುಡಿತಕ್ಕೆ ವ್ಯಸನವೆಂದೂ ಉಳ್ಳವನದಕ್ಕೆ ಅಭಿರುಚಿಯೆಂದೂ ಹೆಸರಿಡುವ ನಮ್ಮ ಸಮಾಜದ ನಾಮಕರಣಶಾಸ್ತ್ರವನ್ನು ನಾವು ಒಪ್ಪೆವು. ಯಕೃತ್ತಿಗೆ ಬೆಲೆಯ ಚೀಟಿ ಓದಲು ಬರುವುದಿಲ್ಲ.

ಪರಿಚಾರಕನು ಎರಡನೆಯ ಲೋಟ ತರಲೇ ಎಂದು ಕೇಳಿದನು. ಹುಡುಗನು ಬೇಡವೆಂದನು. “ಅತ್ತೆ ಇದ್ದಾರೆಂದು ಬೇಡವೆಂದೆಯೋ, ದಿನವೂ ಇಷ್ಟೆಯೋ?” ಎಂದು ಶ್ರೀಮತಿಯವರು ನೇರವಾಗಿ ಕೇಳಿದರು. ಅವನು ಸ್ವಲ್ಪ ಸುಮ್ಮನಿದ್ದು, “ದಿನವೂ ಇಲ್ಲ. ಬಂದ ದಿನ ಒಂದು. ಅಪ್ಪನ ವಿಷಯ ನನಗೂ ನೆನಪಿದೆ ಅತ್ತೆ” ಎಂದನು. ತಂದೆ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅವನ ಬಾಯಿಂದ ಆ ಮಾತು ಬಂದದ್ದನ್ನು ನಾವು ಕೇಳಿದ್ದು ಅದೇ ಮೊದಲು. ಗದ್ದಲದ ನಡುವೆ ಅತ್ತೆ ಅಳಿಯ ಇಬ್ಬರೂ ಆಮೇಲೆ ಅಣ್ಣನವರ ವಿಷಯವನ್ನು ಒಂದು ಗಂಟೆ ಮಾತನಾಡಿದರು: ಅವರ ಬೇಸಾಯದ ಜಾಣ್ಮೆ, ಹಾಡಿನ ಹುಚ್ಚು, ಎತ್ತುಗಳಿಗೆ ಇಟ್ಟ ಹೆಸರುಗಳು. ಅವರನ್ನು ಕೊಂದದ್ದರ ಮಾತು ಕಡಿಮೆ ಬಂತು.

ಹೊರಡುವ ಮೊದಲು ಶ್ರೀಮತಿಯವರು ಮತ್ತೆ ಹಂಡೆಗಳ ಕಡೆ ಹೋಗಿ, ರಸ ತೆಗೆದಮೇಲೆ ಉಳಿಯುವ ಚರಟವನ್ನು ಏನು ಮಾಡುತ್ತೀರಿ ಎಂದು ವಿಚಾರಿಸಿದರು. ದನಗಳ ಮೇವಿಗೆಂದು ಸಾಕುವವರು ಬಂದು ಒಯ್ಯುತ್ತಾರೆ ಎಂದು ತರುಣನು ತಿಳಿಸಿದನು. “ಹಸಿಯದನ್ನು ಎರಡು ದಿನ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಅಂದಂದೇ ಕಳಿಸಿ” ಎಂದು ಅವನಿಗೆ ಹೇಳಿ, ಸೆರಗು ಸರಿಪಡಿಸಿಕೊಂಡು ಮೆಟ್ಟಿಲಿಳಿದರು.