ಕ್ಷಯದ ರೋಗಾಣುವಿನ ಗುರಾಣಿ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಆದರೆ ಅಲ್ಲಿ ದುಡಿದವರ ಶ್ವಾಸಕೋಶವನ್ನು ಸೇರಿದ ಕಲ್ಲಿನ ಧೂಳು ಪೂರ್ತಿಯಾಗಿ ಹೊರಬರುವಂಥದಲ್ಲ. ಈ ಧೂಳಿನಿಂದ ಉಂಟಾಗುವ ಸಿಲಿಕೋಸಿಸ್ ರೋಗವು ಭಾರತದಲ್ಲಿ ಮೊದಲು ವರದಿಯಾದುದು 1940ರ ದಶಕದಲ್ಲಿ, ಈ ಗಣಿಗಳಿಂದಲೇ. ಸಿಲಿಕೋಸಿಸ್ ಉಳ್ಳವರಿಗೆ ಕ್ಷಯರೋಗ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಇದಕ್ಕೆ ಕಾರಣವೇನೆಂಬುದನ್ನು ತಿಳಿದರೆ, ಮಾತ್ರೆಗಳನ್ನು ನಡುವೆ ಏಕೆ ನಿಲ್ಲಿಸಬಾರದೆಂಬುದೂ ತಿಳಿಯುತ್ತದೆ.

ದೇಹದ ಅಸ್ತ್ರ

ಕ್ಷಯದ ರೋಗಾಣು ಶ್ವಾಸಕೋಶವನ್ನು ಹೊಕ್ಕೊಡನೆ ಅಲ್ಲಿನ ಕಾವಲು ಕಣಗಳು ಅದನ್ನು ನುಂಗುತ್ತವೆ. ನುಂಗಿದ ಮೇಲೆ ಅದರ ಮೇಲೆ ಸೂಪರಾಕ್ಸೈಡ್ ಹಾಗೂ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಉಗ್ರ ರಾಸಾಯನಿಕಗಳನ್ನು ಸುರಿಯುತ್ತವೆ. ಗಾಳಿಯ ಆಮ್ಲಜನಕವು ಕಬ್ಬಿಣಕ್ಕೆ ತುಕ್ಕು ಹಿಡಿಸುವಂತೆ, ಇವು ರೋಗಾಣುವಿನ ಸಸಾರಜನಕಗಳನ್ನು, ಅಂದರೆ ಪ್ರೋಟೀನುಗಳನ್ನು, ಕೆಡಿಸುತ್ತವೆ. ಪ್ರೋಟೀನಿನಲ್ಲಿ ಗಂಧಕವಿರುವ ಭಾಗಗಳಿಗೆ ಪೆಟ್ಟು ಹೆಚ್ಚು. ಕಲ್ಲಿನ ಧೂಳು ಈ ಕಾವಲು ಕಣಗಳನ್ನೇ ಹಾಳುಮಾಡುವುದರಿಂದ ಗಣಿ ಕಾರ್ಮಿಕರಲ್ಲಿ ಈ ಅಸ್ತ್ರವು ಮೊಂಡಾಗಿರುತ್ತದೆ.

ರೋಗಾಣುವಿನ ರಕ್ಷಣೆ

ರೋಗಾಣುವೂ ಸುಮ್ಮನೆ ಕುಳಿತಿರುವುದಿಲ್ಲ. ಅದರ ಒಂದು ಕಿಣ್ವವು ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡಾಗಿ ಮಾರ್ಪಡಿಸುತ್ತದೆ. ಕೆಟಲೇಸ್ ಎಂಬ ಇನ್ನೊಂದು ಕಿಣ್ವವು ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಮೈಕೋಥಯಾಲ್ ಎಂಬ ಗಂಧಕಯುಕ್ತ ವಸ್ತುವು ಪ್ರೋಟೀನುಗಳ ಬದಲಿಗೆ ತಾನೇ ಪೆಟ್ಟನ್ನು ಸಹಿಸುತ್ತದೆ. ಇಷ್ಟಾದರೂ ಕೆಟ್ಟ ಭಾಗಗಳನ್ನು ರಿಪೇರಿ ಮಾಡಲು ಬೇರೆ ಕಿಣ್ವಗಳಿವೆ.

ಗುರಾಣಿಯೇ ಮೃತ್ಯುವಾಗುವ ಬಗೆ

1952ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ಮಾತ್ರೆಯು ತಾನಾಗಿ ರೋಗಾಣುವನ್ನು ಕೊಲ್ಲಲಾರದು. ರೋಗಾಣುವಿನ ಕೆಟಲೇಸ್ ಕಿಣ್ವವೇ ಅದನ್ನು ವಿಷವಾಗಿ ಮಾರ್ಪಡಿಸುತ್ತದೆ. ಆ ವಿಷವು ರೋಗಾಣುವಿನ ಮೇಣದಂತಹ ಹೊರಗೋಡೆ ಬೆಳೆಯದಂತೆ ತಡೆಯುತ್ತದೆ. ಈ ಕಿಣ್ವದ ವಂಶವಾಹಿಯ ಪಾತ್ರವು 1992ರಲ್ಲಿ ಖಚಿತವಾಯಿತು.

ಆದರೆ ಸುಮಾರು ಹತ್ತು ಲಕ್ಷ ರೋಗಾಣುಗಳಲ್ಲಿ ಒಂದು ಈ ಔಷಧಿಗೆ ಬಗ್ಗದು. ಅಂಥವುಗಳಲ್ಲಿ ಅನೇಕ ವೇಳೆ ಈ ಕಿಣ್ವದ ರಚನೆಯು ತುಸು ಬದಲಾಗಿರುತ್ತದೆ. ಹೆಚ್ಚಾಗಿ ಕಂಡುಬರುವ ಬದಲಾವಣೆಯಲ್ಲಿ ಗುರಾಣಿಯು ಬಹುಮಟ್ಟಿಗೆ ಉಳಿಯುತ್ತದೆ, ಔಷಧಿಯು ಮಾತ್ರ ವಿಷವಾಗುವುದಿಲ್ಲ. ಇಂತಹ ರೋಗಾಣುಗಳನ್ನು ಕೊಲ್ಲಲೆಂದೇ ರಿಫಾಂಪಿಸಿನ್ ಮೊದಲಾದ ಬೇರೆ ಔಷಧಿಗಳನ್ನು ಜೊತೆಯಲ್ಲಿ ಕೊಡಲಾಗುತ್ತದೆ. ಮಾತ್ರೆಗಳನ್ನು ಆಯ್ದು ನುಂಗಿದರೆ ಅಥವಾ ಬಿಟ್ಟು ಬಿಟ್ಟು ಸೇವಿಸಿದರೆ, ದುರ್ಬಲ ರೋಗಾಣುಗಳು ಸತ್ತು ಬಗ್ಗದವು ವೃದ್ಧಿಯಾಗುತ್ತವೆ. ಬಳಿಕ ಅವೇ ಮನೆಯ ಮಕ್ಕಳಿಗೂ ಹರಡಬಲ್ಲವು.

ನಾವು ಮಾಡಬೇಕಾದುದು

ಎರಡು ವಾರಕ್ಕೂ ಮೀರಿದ ಕೆಮ್ಮು, ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದೇ ಇದ್ದರೂ ಕಫ ಪರೀಕ್ಷೆ ಮಾಡಿಸತಕ್ಕದ್ದು. ಗಣಿಯಲ್ಲಿ ದುಡಿದ ಹಿರಿಯರು "ಇದು ಹಳೆಯ ಧೂಳಿನ ಕೆಮ್ಮು" ಎಂದು ಉದಾಸೀನ ಮಾಡಬಾರದು. ವೈದ್ಯರಿಗೆ ತಮ್ಮ ಗಣಿ ಕೆಲಸದ ವಿಷಯವನ್ನು ತಪ್ಪದೆ ತಿಳಿಸಬೇಕು. ಬಂಗಾರಪೇಟೆಯಿಂದಲೂ ಕೆ.ಜಿ.ಎಫ್.ನಿಂದಲೂ ಪ್ರತಿದಿನ ಕಿಕ್ಕಿರಿದ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು ಸಹಪ್ರಯಾಣಿಕರಿಗೆ ಮಾಡುವ ಉಪಕಾರ.

ಸಾಧಾರಣ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಸಿಲಿಕೋಸಿಸ್ ಇದ್ದಲ್ಲಿ ವೈದ್ಯರು ಅವಧಿಯನ್ನು ಹೆಚ್ಚಿಸಬಹುದು. ಕಣ್ಣು ಹಳದಿಯಾದರೆ ಅಥವಾ ಕೈಕಾಲು ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಬರಬೇಕು. ಎರಡನೆಯ ತಿಂಗಳಿಗೆ ಕೆಮ್ಮು ನಿಂತು ಹಸಿವು ಮರಳಬಹುದು. ಆದರೂ ಒಳಗೆ ರೋಗಾಣುಗಳು ಉಳಿದೇ ಇರುತ್ತವೆ. ಮನೆಯವರು ಮಾತ್ರೆಯ ವೇಳೆಯನ್ನು ನೆನಪಿಸಿ, ಕೊನೆಯ ದಿನದವರೆಗೂ ರೋಗಿಗೆ ಒತ್ತಾಸೆಯಾಗಿ ನಿಲ್ಲಬೇಕು.