ವಾಣಿಜ್ಯ ಸಂಸ್ಥೆಗಳಲ್ಲಿ ನೌಕರರ ಆಯ್ಕೆಯ ಕ್ರಮ

ಶಂಕರಲಿಂಗ ದೇವಾಲಯದಿಂದ ಪ್ರಾಚೀನವೆನಿಸಿದ ಅಮರಗೋಳವು ಇಂದು ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಿಂದಲೂ ಪ್ರಸಿದ್ಧವಾಗಿದೆ. ಅಲ್ಲಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತನ ಸ್ಥಾನ ತೆರವಾದರೆ ಬೀಗರ ಕಡೆಯ ಹುಡುಗನೋ, ಹಿರಿಯರ ಚೀಟಿ ಹಿಡಿದು ಬಂದವನೋ ಗಾದಿಯ ಬಳಿ ಬಂದು ಕೂಡುವುದು ರೂಢಿ. ಈ ರೂಢಿ ಕೇವಲ ಅವಿವೇಕವಲ್ಲ. ರೈತನ ಹಣ ಕೈಯಲ್ಲಿ ಹಾಯ್ದುಹೋಗುವ ಉದ್ಯೋಗದಲ್ಲಿ ನಂಬಿಕೆಯೇ ಮೊದಲ ಅರ್ಹತೆ. ಆದರೆ ಪರಿಚಯವನ್ನೇ ನಂಬಿಕೆಯೆಂದು ಎಣಿಸುವಲ್ಲಿ ದೋಷವಿದೆ. ಲೆಕ್ಕದಲ್ಲಿ ಎಷ್ಟೇ ನಿಪುಣನಾದರೂ ಹೇಳುವವರಿಲ್ಲದ ಬಡ ವಿದ್ಯಾರ್ಥಿ ಹೊಸ್ತಿಲ ಹೊರಗೇ ಉಳಿಯುತ್ತಾನೆ. ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರಲ್ಲಿ ಇಂಥವರೇ ಬಹಳ.

ಮೊದಲು ಮಾಡಬೇಕಾದುದು ಆಳನ್ನು ಹುಡುಕುವುದಲ್ಲ, ಕೆಲಸವನ್ನು ಬರೆಯುವುದು. 2014ರಿಂದ ರಾಜ್ಯದ ಮಾರುಕಟ್ಟೆಗಳಿಗೆ ಏಕೀಕೃತ ಆನ್‌ಲೈನ್ ವ್ಯವಸ್ಥೆ ಹಂತಹಂತವಾಗಿ ಬಂದ ಮೇಲೆ ಗುಮಾಸ್ತನ ಕೆಲಸ ಕೀರ್ದಿ ಖಾತೆಗಳಿಗಷ್ಟೇ ಸೀಮಿತವಾಗಿಲ್ಲ. ಹಳೆಯ ಗುಮಾಸ್ತನಂಥವನೇ ಬೇಕೆನ್ನುವ ಮಾಲೀಕನು ಹಳೆಯ ಕೆಲಸಕ್ಕೇ ಆಳನ್ನು ಹುಡುಕಿದಂತಾಗುತ್ತದೆ. ಕೆಲಸವನ್ನೂ ಸಂಬಳವನ್ನೂ ಸ್ಪಷ್ಟವಾಗಿ ಬರೆದು, ಆ ಪ್ರಕಟಣೆಯನ್ನು ಶಾಲೆ ಕಾಲೇಜುಗಳ ಫಲಕಕ್ಕೂ ಕಳುಹಿಸಬೇಕು. ಮೈಸೂರು ಸಂಸ್ಥಾನವು 1891ರಲ್ಲೇ ಉನ್ನತ ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯನ್ನು ಆರಂಭಿಸಿತ್ತು. ಆದರೂ ಹಿಂದುಳಿದವರ ಪ್ರಾತಿನಿಧ್ಯದ ವಿಚಾರಣೆಗಾಗಿ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಪರೀಕ್ಷೆ ಇದ್ದ ಮಾತ್ರಕ್ಕೆ ಎಲ್ಲರೂ ಅದರ ಬಾಗಿಲಿಗೆ ಬಂದು ಮುಟ್ಟುವುದಿಲ್ಲ.

ಪರೀಕ್ಷೆಯು ಕೆಲಸದ ತುಣುಕೇ ಆಗಿರಲಿ. ಇಷ್ಟು ಚೀಲ, ಇಷ್ಟು ತೂಕ, ಇಷ್ಟು ದರ ಎಂದು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಲೆಕ್ಕವನ್ನು ಕೊಟ್ಟು ರೈತನಿಗೆ ಸಲ್ಲುವ ಪಟ್ಟಿಯನ್ನು ಬರೆಯಿಸಬೇಕು. ತೂಕದ ಚೀಟಿಯಲ್ಲಿ ಬೇಕೆಂದೇ ಒಂದು ತಪ್ಪನ್ನು ಇಡಬಹುದು. ಅದನ್ನು ಕಂಡು, "ಇದು ಹೀಗೇಕೆ?" ಎಂದು ಕೇಳುವವನ ಯೋಗ್ಯತೆ ಯಾವ ಶಿಫಾರಸು ಪತ್ರದಲ್ಲಿಯೂ ಕಾಣುವಂಥದಲ್ಲ. ಅರ್ಧ ಗಂಟೆ ಸಾಕು. ಪರೀಕ್ಷೆಯ ಹೆಸರಿನಲ್ಲಿ ದಿನವಿಡೀ ಪುಕ್ಕಟೆ ದುಡಿಸಿಕೊಳ್ಳುವುದು ಕಾಯಕವನ್ನು ಗೌರವಿಸುವ ನಾಡಿಗೆ ಸಲ್ಲದು. ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳಿರಬೇಕು. ಇಬ್ಬರು ಪರೀಕ್ಷಕರು ಪರಸ್ಪರ ಮಾತನಾಡುವ ಮೊದಲೇ ಪ್ರತ್ಯೇಕವಾಗಿ ಅಂಕಗಳನ್ನು ಬರೆದಿಡಬೇಕು. ಇಲ್ಲವಾದರೆ ಹಿರಿಯರ ಅಭಿಪ್ರಾಯವೇ ಇಬ್ಬರದೂ ಆಗುತ್ತದೆ.

ಇಷ್ಟಾದ ಮೇಲೆ ಶಿಫಾರಸಿಗೂ ಸ್ಥಾನವುಂಟು, ಆದರೆ ಸಾಕ್ಷಿಯಾಗಿ ಮಾತ್ರ. "ಒಳ್ಳೆಯ ಮನೆತನದವನು" ಎಂಬ ಗುರುಗಳ ಮಾತಿನಿಂದ ಮಾಲೀಕನಿಗೆ ತಿಳಿಯುವುದು ಅತ್ಯಲ್ಪ. "ಎರಡು ವರ್ಷ ಸಹಕಾರ ಭಂಡಾರದ ಲೆಕ್ಕ ಬರೆದನು, ಒಮ್ಮೆಯೂ ಶಿಲ್ಕು ತಪ್ಪಲಿಲ್ಲ" ಎಂದು ಕಂಡದ್ದನ್ನು ಬರೆದರೆ ಆ ಪತ್ರಕ್ಕೆ ತೂಕ ಬರುತ್ತದೆ.

ಆಯ್ಕೆಯಾದವನಿಗೆ ಹುದ್ದೆ, ಸಂಬಳ, ನಿಬಂಧನೆಗಳನ್ನು ತಿಳಿಸುವ ನೇಮಕ ಪತ್ರವನ್ನು ಲಿಖಿತವಾಗಿ ಕೊಡಬೇಕೆಂಬುದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯಲ್ಲಿಯೂ ಇದೆ. ಆಯ್ಕೆಯಾಗದವರಿಗೂ ಒಂದು ಸಾಲಿನ ಉತ್ತರ ಹೋಗಲಿ. ಅವರ ಉತ್ತರಪತ್ರಿಕೆಗಳನ್ನು ಕಟ್ಟಿ ಇಟ್ಟುಕೊಂಡರೆ, ಸುಗ್ಗಿಯ ಕಾಲಕ್ಕೆ ಇನ್ನೊಬ್ಬ ಗುಮಾಸ್ತ ಬೇಕಾದಾಗ ಎರಡನೆಯ ಹೆಸರು ಸಿದ್ಧವಾಗಿಯೇ ಇರುತ್ತದೆ.