ಉಗ್ರಾಣದ ಲೆಕ್ಕ ಕಂಪ್ಯೂಟರಿಗೆ: ಬಿಡಿಭಾಗಗಳ ದಾಖಲೆ ಮತ್ತು ಅಳತೆಯ ಮಾನ



ಮುಂಗಾರಿನ ಮಳೆ ಬಿದ್ದು ಭೂಮಿ ಹದಕ್ಕೆ ಬಂದಾಗ ನಿಮಗೆ ಸಂಘದ ರೋಟವೇಟರು ಬೇಕು. ಹದ ಯಾರಿಗಾಗಿಯೂ ಕಾಯುವುದಿಲ್ಲ. ಆ ದಿನವೇ ರೋಟವೇಟರಿನ ಅಲಗು ಮುರಿದರೆ ಉಗ್ರಾಣದಲ್ಲಿ ಮತ್ತೊಂದು ಅಲಗು ಸಿದ್ಧವಿರಬೇಕು. ಕಂಪ್ಯೂಟರು ‘20 ಅಲಗು ಇವೆ’ ಎಂದು ತೋರಿಸುತ್ತದೆ. ಕಪಾಟು ತೆರೆದು ನೋಡಿದರೆ ಇಪ್ಪತ್ತೂ ಎಡಗಡೆಯವು, ಬೇಕಾದದ್ದು ಬಲಗಡೆಯದು! ಇಲ್ಲಿ ಕಳವೂ ಆಗಿಲ್ಲ, ಮೋಸವೂ ನಡೆದಿಲ್ಲ. ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಬರೆದದ್ದೇ ನಷ್ಟಕ್ಕೆ ಕಾರಣ.

ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಿಂದ ಬಾಡಿಗೆಗೆ ಯಂತ್ರಗಳನ್ನು ಒದಗಿಸುತ್ತಿವೆ. ಅನೇಕ ಸಹಕಾರ ಸಂಘಗಳೂ ರೈತ ಉತ್ಪಾದಕ ಸಂಸ್ಥೆಗಳೂ ತಮ್ಮದೇ ಯಂತ್ರಗಳನ್ನು ಇಟ್ಟುಕೊಂಡಿವೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಮಂಜೂರಾತಿ ನೀಡಿತು. ಆದುದರಿಂದ ಈ ವಿಷಯ ಗುಮಾಸ್ತರಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಸಂಘದ ಸದಸ್ಯರಾದ ನೀವೂ ಇದರ ಮರ್ಮವನ್ನು ಅರಿತಿರುವುದು ಒಳ್ಳೆಯದು.

ಒಂದು ವಸ್ತು, ಒಂದು ದಾಖಲೆ

ದಾಸ್ತಾನು ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ದಾಖಲೆ ಇರುತ್ತದೆ. ಹಳೆಯ ದಾಸ್ತಾನು ಪುಸ್ತಕದಲ್ಲಿ ಒಂದೊಂದು ಬಾಬಿಗೆ ಒಂದೊಂದು ಪುಟ ಬಿಡುತ್ತಿದ್ದಂತೆಯೇ ಇದು. ನಿಯಮ ಬಹು ಸರಳ: ಒಂದರ ಬದಲಿಗೆ ಮತ್ತೊಂದನ್ನು ಯಂತ್ರಕ್ಕೆ ಹಾಕಲು ಬಂದರೆ ಎರಡಕ್ಕೂ ಒಂದೇ ದಾಖಲೆ; ಬಾರದಿದ್ದರೆ ಬೇರೆ ಬೇರೆ ದಾಖಲೆ. 36 ಅಲಗುಗಳ ರೋಟವೇಟರಿನಲ್ಲಿ ಸಾಮಾನ್ಯವಾಗಿ 18 ಎಡದವು, 18 ಬಲದವು. ಆದ್ದರಿಂದ ‘ರೋಟವೇಟರ್ ಅಲಗು, ಎಡ’, ‘ರೋಟವೇಟರ್ ಅಲಗು, ಬಲ’ ಎಂದು ಎರಡು ದಾಖಲೆಗಳು ಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಒಬ್ಬರು ‘ಬೇರಿಂಗು’ ಎಂದೂ, ಇನ್ನೊಬ್ಬರು ‘6205 ಬೇರಿಂಗ್’ ಎಂದೂ, ಮತ್ತೊಬ್ಬರು ‘ಗಾಲಿ ಬೇರಿಂಗು’ ಎಂದೂ ಒಂದೇ ವಸ್ತುವಿಗೆ ಮೂರು ದಾಖಲೆ ತೆರೆಯುತ್ತಾರೆ. ಆಗ ಒಂದು ಕಡೆ ‘ಇಲ್ಲ’ ಎಂದು ಹೊಸದನ್ನು ತರಿಸುತ್ತೇವೆ; ಇನ್ನೊಂದು ಕಡೆ ಹಳೆಯದು ತುಕ್ಕು ಹಿಡಿಯುತ್ತಿರುತ್ತದೆ. ಹೀಗಾಗದಂತೆ ಹೆಸರು ಬರೆಯುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮೊದಲು ವಸ್ತುವಿನ ಹೆಸರು, ಆಮೇಲೆ ಅದರ ಅಳತೆ ಅಥವಾ ನಂಬರು, ಕಡೆಗೆ ಅದು ಯಾವ ಯಂತ್ರಕ್ಕೆ ಎಂಬುದು.

ನಂಬರು ವಸ್ತುವಿನ ಮೇಲೆಯೇ ಇರುತ್ತದೆ. ‘ಬಿ 52’ ಎಂಬ ಬೆಲ್ಟಿನಲ್ಲಿ ‘ಬಿ’ ಎಂಬುದು ಪಟ್ಟಿಯ ಅಗಲದ ವರ್ಗ, ಸುಮಾರು 17 ಮಿಲಿಮೀಟರು; 52 ಎಂಬುದು ಒಳಸುತ್ತಿನ ಉದ್ದ, ಇಂಚಿನಲ್ಲಿ. 6205 ಬೇರಿಂಗಿನ ಕಡೆಯ ಎರಡು ಅಂಕೆಗಳನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ ಬರುತ್ತದೆ: 05 × 5 = 25 ಮಿಲಿಮೀಟರು. 6206 ಆದರೆ 30 ಮಿಲಿಮೀಟರು. ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ಇವು ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ.

ಮೂಲಮಾನ ಎಂದರೇನು?

ಹಿಂದಿನ ಕಾಲದಲ್ಲಿ ನಮ್ಮಲ್ಲಿ ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳು ಬಳಕೆಯಲ್ಲಿದ್ದವು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸರಿಹೊಂದುತ್ತಿರಲಿಲ್ಲ. 1956ರ ಕಾಯಿದೆಯ ಮೇರೆಗೆ, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ, ಮೀಟರು, ಲೀಟರುಗಳು ಬಂದ ಮೇಲೆ ಆ ತೊಡಕು ನೀಗಿತು. ಆದರೆ ಉಗ್ರಾಣದಲ್ಲಿ ಇಂದಿಗೂ ಅಂಥದೇ ತೊಡಕು ಬೇರೆ ವೇಷದಲ್ಲಿ ಉಳಿದಿದೆ. ‘ಪೆಟ್ಟಿಗೆ’, ‘ಡಬ್ಬ’, ‘ಮೂಟೆ’, ‘ಸುರುಳಿ’ ಎಂಬ ಮಾತುಗಳಿಗೆ ಗೊತ್ತಾದ ಅಳತೆಯೇ ಇಲ್ಲ.

ಯೂರಿಯಾ ಮೂಟೆಯನ್ನೇ ನೋಡಿ. ಮೊದಲು ಅದು 50 ಕಿಲೋ ಇತ್ತು; 2018ರಲ್ಲಿ 45 ಕಿಲೋ ಆಯಿತು. ಡಿ.ಎ.ಪಿ. ಮೂಟೆ 50 ಕಿಲೋ. ಲೆಕ್ಕವನ್ನು ಮೂಟೆಯಲ್ಲಿ ಮಾತ್ರ ಬರೆದಿಟ್ಟ ಸಂಘಕ್ಕೆ 100 ಮೂಟೆ ಯೂರಿಯಾ ಎಂದರೆ 5,000 ಕಿಲೋವೋ 4,500 ಕಿಲೋವೋ ಎಂದು ಹೇಳುವುದು ಕಷ್ಟ. ಕಿಲೋದಲ್ಲಿ ಬರೆದಿಟ್ಟವರಿಗೆ ಯಾವ ಗೊಂದಲವೂ ಇಲ್ಲ. ಮೂಟೆ ಬದಲಾಗಬಹುದು, ಕಿಲೋ ಬದಲಾಗುವುದಿಲ್ಲ.

ಆದ್ದರಿಂದ ಪ್ರತಿ ದಾಖಲೆಗೂ ಒಂದು ಮೂಲಮಾನವನ್ನು ಗೊತ್ತುಮಾಡಬೇಕು. ಶಿಲ್ಕು ಯಾವಾಗಲೂ ಈ ಮಾನದಲ್ಲಿಯೇ ಇರುತ್ತದೆ. ನೀವು ಆ ವಸ್ತುವನ್ನು ಎಷ್ಟು ಚಿಕ್ಕ ಪ್ರಮಾಣದಲ್ಲಿ ಹೊರಗೆ ಕೊಡುತ್ತೀರೋ ಅದೇ ಮೂಲಮಾನವಾಗಬೇಕು. ಬೋಲ್ಟನ್ನು ಪೆಟ್ಟಿಗೆಯಲ್ಲಿ ತಂದರೂ ಒಂದೊಂದಾಗಿ ಕೊಡುತ್ತೀರಿ. ಅದರ ಮೂಲಮಾನ ‘ನಗ’. ಎಂಜಿನ್ ಎಣ್ಣೆಗೆ ಲೀಟರು, ಗ್ರೀಸಿಗೆ ಕಿಲೋ.

ಮೂಲಮಾನದಲ್ಲಿ ಭಿನ್ನಾಂಕ ಬರಬಹುದೇ ಬಾರದೇ ಎಂಬುದನ್ನೂ ಮೊದಲೇ ಹೇಳಬೇಕು. ಏಳೂವರೆ ಲೀಟರು ಎಣ್ಣೆ ಇರಬಹುದು. ಏಳೂವರೆ ಬೇರಿಂಗು ಇರಲಾರದು. ‘ಪೂರ್ಣ ಸಂಖ್ಯೆ ಮಾತ್ರ’ ಎಂದು ಗೊತ್ತುಮಾಡಿದರೆ ತಪ್ಪು ಅಂಕಿಯನ್ನು ಕಂಪ್ಯೂಟರೇ ತಡೆಯುತ್ತದೆ. ಬೆಂಗಳೂರಿನ ಟ್ಯಾಲಿಯಲ್ಲಿ ಒಂದು ಯೂನಿಟ್ಟಿಗೆ ಎಷ್ಟು ದಶಾಂಶ ಸ್ಥಾನ ಎಂದು ಕೇಳುತ್ತದೆ. ಅಲ್ಲಿ ಸೊನ್ನೆ ಎಂದು ಕೊಟ್ಟರೆ ಅದು ಪೂರ್ಣ ಸಂಖ್ಯೆಯ ಮಾನ.

ಕೊಳ್ಳುವ ಮಾನ, ಕೊಡುವ ಮಾನ

ಅಂಗಡಿಯವರು ಬಿಲ್ಲನ್ನು ಪೆಟ್ಟಿಗೆಯಲ್ಲಿ ಬರೆಯುತ್ತಾರೆ, ನೀವು ನಗದಲ್ಲಿ ಕೊಡುತ್ತೀರಿ. ಇವೆರಡನ್ನೂ ಜೋಡಿಸುವುದು ಪರಿವರ್ತನೆಯ ಅಂಕಿ: 1 ಪೆಟ್ಟಿಗೆ = 100 ನಗ. ಈ ಅಂಕಿಯನ್ನು ಆಯಾ ವಸ್ತುವಿನ ದಾಖಲೆಯಲ್ಲಿಯೇ ಬರೆಯಬೇಕು. ಏಕೆಂದರೆ ಬೋಲ್ಟಿನ ಪೆಟ್ಟಿಗೆಯಲ್ಲಿ 100 ಇದ್ದರೆ ಬೇರಿಂಗಿನ ಪೆಟ್ಟಿಗೆಯಲ್ಲಿ 10 ಇರಬಹುದು.

ಒಂದು ಲೆಕ್ಕ ನೋಡೋಣ. ಸಂಘವು 5 ಪೆಟ್ಟಿಗೆ ಬೋಲ್ಟು ತಂದಿತು. ಪೆಟ್ಟಿಗೆಗೆ 800 ರೂಪಾಯಿ. ಸರಿಯಾದ ಜಮಾ 500 ನಗ, ನಗಕ್ಕೆ 8 ರೂಪಾಯಿ, ಒಟ್ಟು 4,000 ರೂಪಾಯಿ. ಪರಿವರ್ತನೆಯನ್ನು ಮರೆತು ಬರಿಯ ‘5’ ಎಂದು ಬರೆದರೆ, 12 ಬೋಲ್ಟು ಕೊಟ್ಟೊಡನೆ ಶಿಲ್ಕು ಸೊನ್ನೆಗಿಂತ 7 ಕೆಳಗೆ ಇಳಿಯುತ್ತದೆ. 500 ಎಂದು ಬರೆದು ದರವನ್ನು 800 ಎಂದೇ ಬಿಟ್ಟರೆ, 4,000 ರೂಪಾಯಿಯ ಮಾಲು 4,00,000 ರೂಪಾಯಿ ಎಂದು ತೋರುತ್ತದೆ. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ಕೇಳಿದಾಗ ಉಗ್ರಾಣದ ನಿರಪರಾಧಿ ನೌಕರನು ತಲೆ ತಗ್ಗಿಸಬೇಕಾಗುತ್ತದೆ.

ಎಣ್ಣೆಯ ವಿಷಯವೂ ಹಾಗೆಯೇ. 20 ಲೀಟರಿನ 3 ಡಬ್ಬ ತಂದರೆ 60 ಲೀಟರು ಜಮಾ. ಒಂದು ಟ್ರ್ಯಾಕ್ಟರಿಗೆ 7.5 ಲೀಟರು ಕೊಟ್ಟರೆ ಶಿಲ್ಕು 52.5 ಲೀಟರು.

ಪೈಪಿನಲ್ಲಿ ಮಾತ್ರ ಎಚ್ಚರ ಬೇಕು. 6 ಮೀಟರಿನ 2 ಪೈಪು ಇದ್ದರೂ 12 ಮೀಟರು. 2 ಮೀಟರಿನ 6 ತುಂಡು ಇದ್ದರೂ 12 ಮೀಟರು. ಲೆಕ್ಕ ಒಂದೇ, ಉಪಯೋಗ ಬೇರೆ. ಇಡೀ ಪೈಪಿಗೆ ‘ನಗ’ ಎಂಬ ಮಾನವಿಟ್ಟು, ತುಂಡುಗಳಿಗೆ ಮೀಟರಿನಲ್ಲಿ ಬೇರೊಂದು ದಾಖಲೆ ತೆರೆಯುವುದು ಮೇಲು.

ದಾಖಲೆಯಲ್ಲಿ ಇರಬೇಕಾದವು

1. ಸಂಕೇತ ಸಂಖ್ಯೆ. ಒಂದು ವಸ್ತುವಿಗೆ ಕೊಟ್ಟದ್ದನ್ನು ಮುಂದೆ ಇನ್ನೊಂದಕ್ಕೆ ಕೊಡಬಾರದು.
2. ಹೆಸರು, ಅಳತೆ, ಯಾವ ಯಂತ್ರಕ್ಕೆ ಎಂಬ ವಿವರ.
3. ಮೂಲಮಾನ, ಕೊಳ್ಳುವ ಮಾನ, ಪರಿವರ್ತನೆಯ ಅಂಕಿ.
4. ಇರಲೇಬೇಕಾದ ಕನಿಷ್ಠ ದಾಸ್ತಾನು. ಇದೂ ಮೂಲಮಾನದಲ್ಲಿಯೇ ಇರತಕ್ಕದ್ದು.
5. ಕಪಾಟಿನ ಸ್ಥಳ.
6. ಜಿ.ಎಸ್.ಟಿ.ಗೆ ಬೇಕಾದ ಎಚ್.ಎಸ್.ಎನ್. ಸಂಖ್ಯೆ. ಬೇರಿಂಗಿಗೆ 8482, ಬೋಲ್ಟು ನಟ್ಟುಗಳಿಗೆ 7318, ರಬ್ಬರಿನ ಬೆಲ್ಟಿಗೆ 4010.

ಕೆಲಸ ಆರಂಭಿಸುವ ಕ್ರಮ

ಮೊದಲು ಕಂಪ್ಯೂಟರಿನ ಮುಂದೆ ಕೂರಬೇಡಿ. ಕಾಗದ, ಪೆನ್ಸಿಲು ಹಿಡಿದು ಉಗ್ರಾಣಕ್ಕೆ ಹೋಗಿ. ಇಬ್ಬರು ಸದಸ್ಯರ ಎದುರಿನಲ್ಲಿ ಎಲ್ಲವನ್ನೂ ಎಣಿಸಿ, ಪ್ರತಿ ವಸ್ತುವಿನ ಎದುರಿಗೆ ಮೂಲಮಾನವನ್ನು ಬರೆದು, ಪಟ್ಟಿಗೆ ರುಜು ಹಾಕಿ. ಆಮೇಲೆ ದಾಖಲೆ ತೆರೆದು, ಎಣಿಸಿದ್ದನ್ನು ಆರಂಭ ಶಿಲ್ಕಾಗಿ ತುಂಬಿ. ಹಣಕಾಸು ವರ್ಷ ತಿರುಗುವ ಮಾರ್ಚ್ 31 ಇದಕ್ಕೆ ಅನುಕೂಲವಾದ ದಿನ.

ಮೂಲಮಾನವನ್ನು ನಿಧಾನವಾಗಿ ಯೋಚಿಸಿ ಆರಿಸಿ. ಜಮಾ ಖರ್ಚು ನಡೆದ ಮೇಲೆ ಅದನ್ನು ಬದಲಿಸಲು ಅನೇಕ ತಂತ್ರಾಂಶಗಳು ಬಿಡುವುದಿಲ್ಲ, ಬಿಟ್ಟರೂ ಬದಲಿಸಬಾರದು. ನಿನ್ನೆ ‘5 ಪೆಟ್ಟಿಗೆ’ ಎಂದಿದ್ದದ್ದು ಇಂದು ‘5 ನಗ’ ಆಗಿಬಿಡುತ್ತದೆ. ತಪ್ಪಾಗಿದ್ದರೆ ಹೊಸ ದಾಖಲೆ ತೆರೆದು, ಹಳೆಯದರ ಶಿಲ್ಕನ್ನು ಎಣಿಸಿ ಅಲ್ಲಿಗೆ ವರ್ಗಾಯಿಸಿ, ಹಳೆಯದನ್ನು ಮುಚ್ಚಿ.

ಅಲ್ಲಿಂದ ಮುಂದೆ ತಿಂಗಳಿಗೆ ಹತ್ತು ವಸ್ತುಗಳನ್ನಾದರೂ ಎಣಿಸಿ ತಾಳೆ ನೋಡಬೇಕು. ಸಾಮಾನು ಕೊಡುವವರೇ ಎಣಿಸುವವರೂ ಆಗಬಾರದು.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಮುಂದಿನ ಮಹಾಸಭೆಯಲ್ಲಿ ನೀವು ಮೂರು ಮಾತು ಕೇಳಿ. ಉಗ್ರಾಣವನ್ನು ಕಡೆಯ ಬಾರಿ ಎಣಿಸಿದ್ದು ಯಾವಾಗ? ಕಂಪ್ಯೂಟರಿನ ಶಿಲ್ಕಿಗೂ ಎಣಿಕೆಗೂ ಎಷ್ಟು ವ್ಯತ್ಯಾಸ ಬಂತು? ಬಿತ್ತನೆಗೂ ಒಕ್ಕಣೆಗೂ ಮುಂಚೆ ಯಾವ ಯಾವ ಬಿಡಿಭಾಗಗಳು ಕನಿಷ್ಠಕ್ಕಿಂತ ಕಡಿಮೆ ಇವೆ?

ಕಂಪ್ಯೂಟರು ಕೂಡುತ್ತದೆ, ಕಳೆಯುತ್ತದೆ. ಪೆಟ್ಟಿಗೆಯೊಳಗೆ ಎಷ್ಟಿದೆ ಎಂದು ತಾನಾಗಿ ಅರಿಯದು. ಅದನ್ನು ತಿಳಿಸುವ ಹೊಣೆ ನಮ್ಮದು. ಉಗ್ರಾಣದ ಸಾಮಾನು ನಿಮ್ಮ ಷೇರು ಹಣದಿಂದ ಬಂದದ್ದು. ಅದರ ಲೆಕ್ಕವೂ ನಿಮ್ಮದೇ.